ವೈಣಿಕ ಶಿಖಾಮಣಿ ಶೇಷಣ್ಣ

ಹಲಸಿನ ಮರದಲ್ಲಿ ಕೊರೆದ ಒಂದು ಕೊಡ, ಅದಕ್ಕೆ ಜೋಡಿಸಿದ ಉದ್ದನೆಯ ದಂಡಿ, ದಂಡಿಯ ಮೇಲೆ ಮೇಣದಲ್ಲಿ ಕೂರಿಸಿದ 24 ಮೆಟ್ಟಿಲುಗಳು, ನುಡಿಸಲು ನಾಲ್ಕು ತಂತಿಗಳು, ತಾಳಕ್ಕೆ ಮೂರು ತಂತಿಗಳು - ಇಷ್ಟು ಸೇರಿದರೆ ವೀಣೆಯಾಗುತ್ತದೆ. ಆದರೆ ಇಷ್ಟು ಸೇರಿದ ಮಾತ್ರಕ್ಕೆ ಸಂಗೀತ ಹುಟ್ಟುವುದಿಲ್ಲ. ಮರ ಮರವಾಗಿಯೇ, ತಂತಿ ತಂತಿಯಾಗಿಯೇ ಉಳಿಯುತ್ತದೆ. ಅದನ್ನು ಮಾತನಾಡಿಸಬಲ್ಲ ಬೆರಳುಗಳು ಬೇಕು. ಆ ಬೆರಳುಗಳ ಹಿಂದೆ ವರ್ಷಗಟ್ಟಲೆ ನಡೆಸಿದ ಸಾಧನೆ ಬೇಕು. ಸಾಧನೆಯ ಹಿಂದೆ ಸುಸಂಸ್ಕೃತವಾದ ಮನಸ್ಸು ಬೇಕು. ಈ ಮೂರೂ ಒಬ್ಬರಲ್ಲಿಯೇ ಕೂಡಿಬರುವುದು ಅಪೂರ್ವ. ಹಾಗೆ ಕೂಡಿಬಂದಾಗ ಆ ಕಲಾವಿದನ ಹೆಸರು ವಾದ್ಯದ ಹೆಸರಿನೊಡನೆ ಬೆರೆತುಹೋಗುತ್ತದೆ. ಕನ್ನಡ ನಾಡಿನಲ್ಲಿ ಅಂತಹ ಭಾಗ್ಯವನ್ನು ಪಡೆದವರು ಶೇಷಣ್ಣನವರು. ಜನ ಅವರನ್ನು ಎಂದೂ ಬರಿಯ ಶೇಷಣ್ಣ ಎಂದು ಕರೆಯಲಿಲ್ಲ. ವೀಣೆ ಶೇಷಣ್ಣ ಎಂದೇ ಕರೆದರು.

ಅವರ ವಿಷಯದಲ್ಲಿ ಒಂದು ಆಶ್ಚರ್ಯದ ಸಂಗತಿಯಿದೆ. ಹೆಸರಿನಲ್ಲಿ ವೀಣೆಯೊಂದೇ ಇದ್ದರೂ ಅವರ ಕೈಯಲ್ಲಿ ವೀಣೆಯೊಂದೇ ಇರಲಿಲ್ಲ. ಪಿಟೀಲು, ರುದ್ರವೀಣೆ, ಸ್ವರಬತ್, ಜಲತರಂಗ, ನಾಗಸ್ವರ, ಪಾಶ್ಚಾತ್ಯರ ಪಿಯಾನೊ - ಇವೆಲ್ಲವೂ ಅವರಿಗೆ ಒಲಿದಿದ್ದುವು. ಹಲವು ವಾದ್ಯಗಳನ್ನು ಬಲ್ಲವನು ಯಾವುದರಲ್ಲಿಯೂ ನೆಲೆ ನಿಲ್ಲುವುದಿಲ್ಲವೆಂಬುದು ಲೋಕದ ನಂಬಿಕೆ. ಶೇಷಣ್ಣನವರ ಬಾಳು ಆ ನಂಬಿಕೆಗೆ ಒಂದು ಉತ್ತರದಂತಿದೆ. ಅವರು ಹಲವನ್ನು ಕಲಿತರು. ಕಲಿತುದೆಲ್ಲವನ್ನೂ ಒಂದಕ್ಕೆ ಧಾರೆಯೆರೆದರು.

ಶೇಷಣ್ಣನವರು 1852ರಲ್ಲಿ ಮೈಸೂರಿನಲ್ಲಿ ಜನಿಸಿದರು. ಅವರ ತಂದೆ ಬಕ್ಷಿ ಚಿಕ್ಕರಾಮಪ್ಪನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವೈಣಿಕರಾಗಿದ್ದರು. ಪ್ರಸಿದ್ಧ ವಾಗ್ಗೇಯಕಾರ ಪಚ್ಚಿಮಿರಿಯಂ ಆದಿಅಪ್ಪಯ್ಯನವರ ವಂಶಕ್ಕೆ ಸೇರಿದ ಮನೆತನವಿದೆಂದು ಹೇಳುತ್ತಾರೆ. ಅಂತೂ ನಾದ ಆ ಮನೆಗೆ ಹೊರಗಿನಿಂದ ಬಂದ ಅತಿಥಿಯಾಗಿರಲಿಲ್ಲ, ಮನೆಯವರಲ್ಲಿ ಒಂದಾಗಿತ್ತು. ಮಗು ಮಾತು ಕಲಿಯುವ ಮೊದಲೇ ಶ್ರುತಿಯನ್ನು ಕೇಳಿತು. ಅಕ್ಷರವನ್ನು ತಿದ್ದುವ ಮೊದಲೇ ಸ್ವರಗಳನ್ನು ಗುರುತಿಸಿತು.

ಆ ಕಾಲ ಮೈಸೂರಿಗೆ ನೆಮ್ಮದಿಯ ಕಾಲವೇನೂ ಆಗಿರಲಿಲ್ಲ. 1831ರಲ್ಲಿಯೇ ಆಂಗ್ಲರು ರಾಜ್ಯದ ಆಡಳಿತವನ್ನು ಮುಮ್ಮಡಿಯವರ ಕೈಯಿಂದ ತೆಗೆದುಕೊಂಡು ಕಮಿಷನರುಗಳ ವಶಕ್ಕೆ ಒಪ್ಪಿಸಿದ್ದರು. ರಾಜರಿಗೆ ಉಳಿದಿದ್ದುದು ಅರಮನೆ, ಗೌರವ ಮತ್ತು ವಿದ್ಯೆಯ ಮೇಲಿನ ಪ್ರೀತಿ. ಅಧಿಕಾರ ಹೋದರೂ ಮುಮ್ಮಡಿಯವರು ಕವಿಗಳನ್ನೂ ಪಂಡಿತರನ್ನೂ ಗಾಯಕರನ್ನೂ ಬಿಡಲಿಲ್ಲ. ತಂಜಾವೂರಿನ ಕಡೆಯಿಂದ, ಆಂಧ್ರದ ಕಡೆಯಿಂದ, ಉತ್ತರದಿಂದ ಬಂದ ವಿದ್ವಾಂಸರಿಗೆ ಅಲ್ಲಿ ಆಶ್ರಯವಿತ್ತು. ಹೊಸದಾಗಿ ಬಂದ ವಿದ್ವಾಂಸರು ಆಸ್ಥಾನದಲ್ಲಿ ತಮ್ಮ ಪಾಂಡಿತ್ಯವನ್ನು ತೋರುವುದೂ, ಆಸ್ಥಾನದವರು ಅದಕ್ಕೆ ತಕ್ಕ ಉತ್ತರವನ್ನು ಕೊಡುವುದೂ ವಾಡಿಕೆಯಾಗಿತ್ತು.

ಬಾಲಕ ಶೇಷಣ್ಣನ ಪ್ರತಿಭೆ ಮೊದಲು ಬೆಳಕಿಗೆ ಬಂದುದು ಇಂತಹ ಒಂದು ಸಭೆಯಲ್ಲಿ ಎಂದು ಹಿರಿಯರು ಹೇಳುತ್ತಾರೆ. ವಿದ್ವಾಂಸರೊಬ್ಬರು ಒಂದು ಕಠಿಣವಾದ ಪಲ್ಲವಿಯನ್ನು ಹಾಡಿದರು. ಪಲ್ಲವಿಯೆಂದರೆ ಸಾಹಿತ್ಯದ ಒಂದೇ ಸಾಲು. ಆದರೆ ಆ ಒಂದು ಸಾಲನ್ನು ತಾಳದ ಯಾವ ಸ್ಥಾನದಲ್ಲಿ ಎತ್ತಿಕೊಳ್ಳಬೇಕು, ಯಾವ ಅಕ್ಷರವನ್ನು ಎಲ್ಲಿ ನಿಲ್ಲಿಸಬೇಕು, ಕಾಲವನ್ನು ಬದಲಿಸಿದಾಗ ಅದು ಮತ್ತೆ ಎಲ್ಲಿ ಬಂದು ಕೂಡಬೇಕು ಎಂಬುದರಲ್ಲಿ ಗಣಿತದ ಸೂಕ್ಷ್ಮವೆಲ್ಲ ಅಡಗಿರುತ್ತದೆ. ಸಭೆಯಲ್ಲಿದ್ದ ಹಿರಿಯರಾರಿಗೂ ಆ ಪಲ್ಲವಿಯ ಗುಟ್ಟು ಹಿಡಿಯಲಿಲ್ಲ. ಆಗ ತಂದೆಯ ಬಳಿ ಕುಳಿತಿದ್ದ ಹುಡುಗ ಅದನ್ನು ಗುರುತಿಸಿ, ತಪ್ಪಿಲ್ಲದೆ ಒಪ್ಪಿಸಿದನಂತೆ. ಸಂತುಷ್ಟರಾದ ಮಹಾರಾಜರು ಮುತ್ತಿನ ಹಾರವನ್ನು ಹುಡುಗನಿಗೆ ಕೊಟ್ಟು ಮನ್ನಿಸಿದರಂತೆ.

ಕೇಳುವವರಿಗೆ ಇದು ಒಂದು ಚಮತ್ಕಾರದ ಕಥೆ. ಆದರೆ ಇದರ ಒಳಗೆ ಮತ್ತೊಂದು ಅರ್ಥವಿದೆ. ಹುಡುಗ ಆ ಪಲ್ಲವಿಯನ್ನು ಆ ಕ್ಷಣದಲ್ಲಿ ಕಲಿತನು. ಆದರೆ ಹಾಗೆ ಕಲಿಯುವ ಕಿವಿಯನ್ನು ಅವನು ಆ ಕ್ಷಣದಲ್ಲಿ ಪಡೆದಿರಲಿಲ್ಲ. ದಿನದಿನವೂ ಮನೆಯಲ್ಲಿ ಕೇಳುತ್ತಿದ್ದ ಪಾಠ ಆ ಕಿವಿಯನ್ನು ರೂಪಿಸಿತ್ತು. ಗಮನವಿಟ್ಟು ಕೇಳುವುದೇ ಸಂಗೀತದ ಮೊದಲ ಪಾಠ. ಶೇಷಣ್ಣನವರು ಮುಂದೆ ಎಷ್ಟು ದೊಡ್ಡವರಾದರೂ ಆ ಪಾಠವನ್ನು ಮರೆಯಲಿಲ್ಲ.

ಮುತ್ತಿನ ಹಾರ ದೊರೆತ ಸಂತೋಷ ಬಹುಕಾಲ ನಿಲ್ಲಲಿಲ್ಲ. ಶೇಷಣ್ಣ ಇನ್ನೂ ಎಳೆಯನಾಗಿರುವಾಗಲೇ ತಂದೆ ತೀರಿಕೊಂಡರು. ಹಾಡುಗಾರರ ಮನೆಯಲ್ಲಿ ತಂದೆಯನ್ನು ಕಳೆದುಕೊಳ್ಳುವುದೆಂದರೆ ಆಸರೆಯ ಜೊತೆಗೆ ಗುರುವನ್ನೂ ಕಳೆದುಕೊಂಡಂತೆ. ಆ ಕಾಲದ ವಿದ್ಯೆ ಪುಸ್ತಕಗಳಲ್ಲಿ ಇರಲಿಲ್ಲ. ಬಲ್ಲವರ ಕಂಠದಲ್ಲಿಯೂ ಬೆರಳಿನಲ್ಲಿಯೂ ಇತ್ತು. ಅವರು ಹೋದರೆ ಅವರೊಡನೆ ವಿದ್ಯೆಯೂ ಹೋಗುತ್ತಿತ್ತು. ಆ ಹುಡುಗನ ಕಲಿಕೆ ಅಲ್ಲಿಗೇ ನಿಂತುಹೋಗಿದ್ದರೆ ಮೈಸೂರಿನ ವೀಣೆಯ ಇತಿಹಾಸವೇ ಬೇರೆಯಾಗುತ್ತಿತ್ತು.

ಅದು ನಿಲ್ಲಲಿಲ್ಲ. ವೀಣೆಯಲ್ಲಿ ನುರಿತ ದೊಡ್ಡ ಶೇಷಣ್ಣನವರು ಅವನಿಗೆ ಪಾಠ ಹೇಳಿದರು. ಗುರುಗಳ ಹೆಸರೂ ಶಿಷ್ಯನ ಹೆಸರೂ ಒಂದೇ ಆದುದರಿಂದ ಗುರುಗಳಿಗೆ ದೊಡ್ಡ ಎಂಬ ವಿಶೇಷಣ ಉಳಿಯಿತು. ಬೆರಳು ತಂತಿಯ ಮೇಲೆ ಓಡಾಡಿ ಒಡೆಯುವುದು, ಒಡೆದ ಬೆರಳು ಗಟ್ಟಿಯಾಗುವುದು, ಗಟ್ಟಿಯಾದ ಬೆರಳಿನಿಂದ ಮೃದುವಾದ ನಾದವನ್ನು ಹೊರಡಿಸಲು ಕಲಿಯುವುದು - ವೀಣೆಯ ವಿದ್ಯಾರ್ಥಿಗಳೆಲ್ಲರೂ ನಡೆಯಬೇಕಾದ ದಾರಿ ಇದೇ. ಶೇಷಣ್ಣನೂ ಆ ದಾರಿಯಲ್ಲಿಯೇ ನಡೆದನು.

ವೀಣೆಯ ಪಾಠದ ಜೊತೆಗೆ ಗಾಯನದ ಪಾಠವೂ ನಡೆಯಿತು. ಅದಕ್ಕೆ ಗುರುಗಳಾದವರು ಮೈಸೂರು ಸದಾಶಿವರಾಯರು. ಸದಾಶಿವರಾಯರು ವಾಲಾಜಾಪೇಟೆ ವೆಂಕಟರಮಣ ಭಾಗವತರ ಶಿಷ್ಯರು. ಭಾಗವತರು ಸಾಕ್ಷಾತ್ ತ್ಯಾಗರಾಜರ ಶಿಷ್ಯರು. ಹೀಗೆ ಕಾವೇರಿಯ ಕೆಳದಂಡೆಯಲ್ಲಿ ಹುಟ್ಟಿದ ಒಂದು ಪರಂಪರೆ ಮೂರು ತಲೆಮಾರುಗಳಲ್ಲಿ ಮೈಸೂರಿನ ಈ ತರುಣನ ಬಳಿಗೆ ಬಂದು ತಲುಪಿತು. ವೀಣೆಯನ್ನು ನುಡಿಸುವವನಿಗೆ ಗಾಯನವೇಕೆ ಎಂದು ಕೇಳಬಹುದು. ನಮ್ಮ ಸಂಗೀತದಲ್ಲಿ ವಾದ್ಯ ಕಂಠವನ್ನು ಅನುಸರಿಸುತ್ತದೆ. ಸಾಹಿತ್ಯದ ಮಾತು ಎಲ್ಲಿ ಮುಗಿಯುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ, ಭಾವ ಎಲ್ಲಿ ತುಂಬಿಬರುತ್ತದೆ ಎಂಬುದನ್ನು ಅರಿಯದೆ ತಂತಿಯನ್ನು ಮೀಟಿದರೆ ಕೇಳುವುದು ಸದ್ದು ಮಾತ್ರ. ಹಾಡಲು ಬಲ್ಲವನ ಕೈಯಲ್ಲಿ ವೀಣೆಯೂ ಹಾಡುತ್ತದೆ.

1868ರಲ್ಲಿ ಮುಮ್ಮಡಿಯವರು ಕಾಲವಾದರು. ಆಗ ಶೇಷಣ್ಣನವರಿಗೆ ಹದಿನಾರು ವರ್ಷ. ಸಿಂಹಾಸನವನ್ನೇರಿದ ಚಾಮರಾಜ ಒಡೆಯರು ಇನ್ನೂ ಐದು ವರ್ಷದ ಮಗು. ರಾಜ್ಯವು ಮತ್ತೆ ಒಡೆಯರ ವಂಶದ ಕೈಗೆ ಬರುವುದೋ ಇಲ್ಲವೋ ಎಂಬ ಸಂದೇಹ ಜನರ ಮನಸ್ಸಿನಲ್ಲಿ ಇದ್ದೇ ಇತ್ತು. ಅರಮನೆಯನ್ನೇ ನಂಬಿದ್ದ ಕಲಾವಿದರ ಬಾಳು ಅದರೊಡನೆ ತೂಗಾಡುತ್ತಿತ್ತು. ಕೊನೆಗೆ 1881ರಲ್ಲಿ ಆಂಗ್ಲರು ರಾಜ್ಯವನ್ನು ಹಿಂದಿರುಗಿಸಿದರು. ತರುಣ ಮಹಾರಾಜರ ಆಳ್ವಿಕೆ ಆರಂಭವಾಯಿತು. ಸಂಗೀತಕ್ಕೂ ಅಂದು ಹೊಸ ಬೆಳಗಾಯಿತು.

ಚಾಮರಾಜ ಒಡೆಯರು ಸ್ವತಃ ಪಿಟೀಲನ್ನು ನುಡಿಸಬಲ್ಲ ರಸಿಕರಾಗಿದ್ದರು. ಶೇಷಣ್ಣನವರಿಗಿಂತ ಹನ್ನೊಂದು ವರ್ಷ ಕಿರಿಯರಾದ ಆ ಮಹಾರಾಜರಿಗೆ ಈ ವೈಣಿಕರ ಮೇಲೆ ಅಪಾರವಾದ ಪ್ರೀತಿಯಿತ್ತು. ಅರಮನೆಯಲ್ಲಿ ಕರ್ಣಾಟಕ ಸಂಗೀತದ ಜೊತೆಗೆ ಹಿಂದೂಸ್ತಾನಿ ಸಂಗೀತಕ್ಕೂ ಪಾಶ್ಚಾತ್ಯ ಸಂಗೀತಕ್ಕೂ ಸ್ಥಾನವಿತ್ತು. ಒಂದು ಕಡೆ ವೀಣೆ, ಇನ್ನೊಂದು ಕಡೆ ಉತ್ತರದ ಉಸ್ತಾದರ ಗಾಯನ, ಮತ್ತೊಂದು ಕಡೆ ಬ್ಯಾಂಡು ಮತ್ತು ಪಿಯಾನೊ. ತಮ್ಮ ವಿದ್ಯೆಯೇ ಶ್ರೇಷ್ಠವೆಂದು ಬಾಗಿಲು ಹಾಕಿಕೊಂಡು ಕುಳಿತವರಿಗೆ ಅಂತಹ ಸ್ಥಳ ಗದ್ದಲದ ಸಂತೆಯಂತೆ ಕಾಣಬಹುದು. ಶೇಷಣ್ಣನವರಿಗೆ ಅದು ಪಾಠಶಾಲೆಯಾಯಿತು.

ಅವರು ಕಲಿತ ವಾದ್ಯಗಳನ್ನು ಒಂದೊಂದಾಗಿ ನೋಡಿದರೆ ಆ ಕಲಿಕೆಯ ಕಷ್ಟ ತಿಳಿಯುತ್ತದೆ. ಪಿಟೀಲಿಗೆ ಮೆಟ್ಟಿಲುಗಳಿಲ್ಲ. ಸ್ವರದ ಸ್ಥಾನವನ್ನು ಕಿವಿಯೇ ಬೆರಳಿಗೆ ಹೇಳಿಕೊಡಬೇಕು. ಕಮಾನಿನ ಎಳೆತದಲ್ಲಿ ನಾದ ಬೇಕಾದಷ್ಟು ಹೊತ್ತು ನಿಲ್ಲುತ್ತದೆ. ವೀಣೆಯಲ್ಲಾದರೋ ಮೀಟಿದ ಮರುಕ್ಷಣದಿಂದಲೇ ನಾದ ಕ್ಷೀಣಿಸತೊಡಗುತ್ತದೆ. ನಾಗಸ್ವರಕ್ಕೆ ತಂತಿಯೇ ಇಲ್ಲ. ಉಸಿರೇ ಅದರ ಪ್ರಾಣ. ದೇವಾಲಯದ ಬೀದಿಯಲ್ಲಿ ದೂರದವರೆಗೆ ಕೇಳಬೇಕಾದ ಆ ವಾದ್ಯಕ್ಕೆ ಎದೆಯ ಬಲವೂ ಬೇಕು, ತುಟಿಯ ಹಿಡಿತವೂ ಬೇಕು. ಜಲತರಂಗದಲ್ಲಿ ನೀರು ತುಂಬಿದ ಪಿಂಗಾಣಿ ಬಟ್ಟಲುಗಳೇ ಸ್ವರಗಳು. ನೀರು ಹೆಚ್ಚಿದರೆ ಸ್ವರ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಕಡ್ಡಿಯ ಪೆಟ್ಟು ಹಗುರವಾಗಿಯೂ ನಿಖರವಾಗಿಯೂ ಬೀಳಬೇಕು. ರುದ್ರವೀಣೆ ಎರಡು ದೊಡ್ಡ ಸೋರೆಬುರುಡೆಗಳ ಗಂಭೀರ ವಾದ್ಯ. ಅದು ಆತುರವನ್ನು ಸಹಿಸುವುದಿಲ್ಲ. ಸ್ವರಬತ್ ದಕ್ಷಿಣದ ಕೆಲವೇ ಆಸ್ಥಾನಗಳಲ್ಲಿ ಬಳಕೆಯಲ್ಲಿದ್ದ ತಂತಿವಾದ್ಯ. ಅದನ್ನು ಬಲ್ಲವರು ಅಂದಿಗೇ ವಿರಳ. ಪಿಯಾನೊ ಬೇರೊಂದು ಲೋಕದ್ದು. ಅದರ ಒಂದೊಂದು ಮಣೆಯೂ ಒಂದೊಂದು ಸ್ವರವನ್ನು ಕಡಿದಿಟ್ಟಂತೆ ಹೇಳುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಗಮಕಕ್ಕೆ ಅಲ್ಲಿ ಎಡೆಯಿಲ್ಲ. ಆದರೆ ಎರಡು ಕೈಗಳು ಎರಡು ಬೇರೆ ದಾರಿಗಳಲ್ಲಿ ಒಟ್ಟಿಗೆ ನಡೆಯುವ ಶಿಸ್ತು ಅಲ್ಲಿದೆ.

ಹೀಗೆ ಒಂದು ವಾದ್ಯಕ್ಕೆ ಕಮಾನು, ಒಂದಕ್ಕೆ ಉಸಿರು, ಒಂದಕ್ಕೆ ಕಡ್ಡಿ, ಒಂದಕ್ಕೆ ಉಗುರು. ಇವುಗಳನ್ನೆಲ್ಲ ಕಲಿಯಲು ಹೊರಟವನು ಪ್ರತಿಯೊಂದು ಸಾರಿಯೂ ಹೊಸ ವಿದ್ಯಾರ್ಥಿಯಾಗಬೇಕು. ಒಂದರಲ್ಲಿ ಪ್ರಸಿದ್ಧನಾದವನಿಗೆ ಮತ್ತೊಂದರಲ್ಲಿ ತಡವರಿಸುವುದು ಸುಲಭವಲ್ಲ, ಅಭಿಮಾನ ಅಡ್ಡಬರುತ್ತದೆ. ಆಸ್ಥಾನದ ಮನ್ನಣೆಯನ್ನು ಪಡೆದ ಮೇಲೆಯೂ ಹೊಸ ವಾದ್ಯದ ಮುಂದೆ ಎಳೆಯನಂತೆ ಕುಳಿತುದು ಶೇಷಣ್ಣನವರ ದೊಡ್ಡತನ.

ಆದರೂ ಅವರು ಈ ವಾದ್ಯಗಳಲ್ಲಿ ಯಾವುದಕ್ಕೂ ತಮ್ಮನ್ನು ಪೂರ್ತಿಯಾಗಿ ಒಪ್ಪಿಸಿಕೊಳ್ಳಲಿಲ್ಲ. ತಿರುಗಿ ತಿರುಗಿ ವೀಣೆಗೇ ಬಂದರು. ಹೊಳೆಗಳು ಬೇರೆ ಬೇರೆ ಬೆಟ್ಟಗಳಲ್ಲಿ ಹುಟ್ಟಿ ಒಂದೇ ನದಿಯನ್ನು ಸೇರುವಂತೆ, ಬೇರೆ ಬೇರೆ ವಾದ್ಯಗಳಿಂದ ಪಡೆದ ಅನುಭವ ವೀಣೆಯನ್ನು ಸೇರಿತು. ಕಮಾನಿನ ನಿಡಿದಾದ ನಾದವನ್ನು ಬಲ್ಲವನು ವೀಣೆಯ ತಂತಿಯನ್ನು ಎಳೆದು ನಾದ ಸಾಯದಂತೆ ಕಾಪಾಡಲು ಯತ್ನಿಸುತ್ತಾನೆ. ಜಲತರಂಗದ ಹಗುರವಾದ ಪೆಟ್ಟನ್ನು ಬಲ್ಲವನು ದ್ರುತಗತಿಯಲ್ಲಿಯೂ ಒಂದೊಂದು ಸ್ವರವನ್ನು ಮುತ್ತು ಕೋದಂತೆ ಬಿಡಿಬಿಡಿಯಾಗಿ ಕೇಳಿಸುತ್ತಾನೆ. ವೇಗವಿದ್ದರೂ ಸ್ಪಷ್ಟತೆ ಕೆಡದ, ಮೃದುವಾಗಿದ್ದರೂ ತುಂಬಿ ಕೇಳುವ ನಾದವನ್ನು ಮೈಸೂರಿನ ವೀಣೆಯ ಶೈಲಿಯಲ್ಲಿ ರಸಿಕರು ಇಂದಿಗೂ ಗುರುತಿಸುತ್ತಾರೆ. ಆ ಶೈಲಿಗೆ ಖಚಿತವಾದ ರೂಪವನ್ನು ಕೊಟ್ಟವರಲ್ಲಿ ಶೇಷಣ್ಣನವರು ಅಗ್ರಗಣ್ಯರು.

ಅದೇ ಆಸ್ಥಾನದಲ್ಲಿ ಇನ್ನೊಬ್ಬ ಮಹಾವೈಣಿಕರಿದ್ದರು. ಅವರು ದೊಡ್ಡ ಶೇಷಣ್ಣನವರ ಮಗ ಸುಬ್ಬಣ್ಣನವರು. ಒಂದೇ ಆಸ್ಥಾನದಲ್ಲಿ ಒಂದೇ ವಾದ್ಯದ ಇಬ್ಬರು ಪ್ರವೀಣರಿದ್ದರೆ ಮತ್ಸರ ಹುಟ್ಟುವುದು ಸಾಮಾನ್ಯ. ಇಲ್ಲಿ ಹುಟ್ಟಿದುದು ಜೋಡಿ ವಾದನ. ಶೇಷಣ್ಣ ಮತ್ತು ಸುಬ್ಬಣ್ಣ ಒಟ್ಟಿಗೆ ಕುಳಿತು ನುಡಿಸಿದ ಕಚೇರಿಗಳ ನೆನಪನ್ನು ಆ ತಲೆಮಾರಿನ ರಸಿಕರು ಬಹುಕಾಲ ಕಾಪಾಡಿಕೊಂಡು ಬಂದರು. ಒಬ್ಬರು ಎತ್ತಿಕೊಂಡುದನ್ನು ಮತ್ತೊಬ್ಬರು ಬೆಳೆಸುವುದು, ಒಬ್ಬರ ಬೆಡಗು ಮತ್ತೊಬ್ಬರ ಬೆಡಗನ್ನು ಮರೆಮಾಡದಂತೆ ನಡೆಯುವುದು ಕಲೆಯಷ್ಟೇ ಕಠಿಣವಾದ ಗುಣ. ತನ್ನ ಧ್ವನಿಯನ್ನು ತಗ್ಗಿಸಬಲ್ಲವನೇ ಅದನ್ನು ಸಾಧಿಸಬಲ್ಲ.

ಶೇಷಣ್ಣನವರ ಕೀರ್ತಿ ಮೈಸೂರಿನ ಎಲ್ಲೆಯನ್ನು ದಾಟಿತು. ದಕ್ಷಿಣದ ಸಂಗೀತ ಕೇಂದ್ರಗಳು ಅವರನ್ನು ಬರಮಾಡಿಕೊಂಡುವು. ಗುಜರಾತಿನ ಬರೋಡ ಸಂಸ್ಥಾನದ ಗಾಯಕವಾಡ ಮಹಾರಾಜರೂ ಅವರನ್ನು ಸನ್ಮಾನಿಸಿದರು. ಆ ಸನ್ಮಾನದ ಬಗ್ಗೆ ಸಂಗೀತಗಾರರ ನಡುವೆ ಒಂದು ಪ್ರತೀತಿಯಿದೆ. ಬರೋಡೆಯಲ್ಲಿ ಅವರಿಗೆ ಪಲ್ಲಕ್ಕಿಯ ಮರ್ಯಾದೆ ದೊರೆಯಿತಂತೆ. ಅವರು ಮೈಸೂರಿಗೆ ಹಿಂದಿರುಗಿದ ಮೇಲೆ ಆ ಪಲ್ಲಕ್ಕಿಯಲ್ಲಿಯೇ ಅವರ ಮೆರವಣಿಗೆ ನಡೆಯಬೇಕೆಂದು ಮಹಾರಾಜರು ಬಯಸಿದರಂತೆ. ಶೇಷಣ್ಣನವರು ಪಲ್ಲಕ್ಕಿಯಲ್ಲಿ ತಾವು ಕುಳಿತುಕೊಳ್ಳದೆ ತಮ್ಮ ವೀಣೆಯನ್ನು ಇರಿಸಿ, ತಾವು ಜೊತೆಯಲ್ಲಿ ನಡೆದುಬಂದರಂತೆ. ಬಾಯಿಂದ ಬಾಯಿಗೆ ಬಂದ ಈ ಕಥೆಯ ವಿವರಗಳು ಹೇಗೇ ಇರಲಿ, ಅವರನ್ನು ಕಂಡು ಕೇಳಿದ ಜನ ಅವರ ಬಗ್ಗೆ ಇಂತಹ ಕಥೆಯನ್ನು ನಂಬಿದರು ಎಂಬುದೇ ಮುಖ್ಯ. ಮನ್ನಣೆ ತನ್ನದಲ್ಲ, ವಿದ್ಯೆಯದು ಎಂಬ ಭಾವನೆಯನ್ನು ಅವರ ನಡತೆಯಲ್ಲಿ ಜನ ಕಂಡಿದ್ದಿರಬೇಕು.

1894ರ ಕೊನೆಯಲ್ಲಿ ಮೈಸೂರಿಗೆ ಸಿಡಿಲೆರಗಿದಂತಾಯಿತು. ಕಲ್ಕತ್ತೆಗೆ ಹೋಗಿದ್ದ ಚಾಮರಾಜ ಒಡೆಯರು ಅಲ್ಲಿಯೇ ಅಕಾಲದಲ್ಲಿ ನಿಧನ ಹೊಂದಿದರು. ಆಗ ಅವರಿಗೆ ಮೂವತ್ತೊಂದು ವರ್ಷ. ಶೇಷಣ್ಣನವರು ಆಶ್ರಯದಾತರನ್ನು ಮಾತ್ರವಲ್ಲ, ತಮ್ಮ ಕಲೆಯ ಮರ್ಮವನ್ನು ಬಲ್ಲ ಶ್ರೋತೃವನ್ನೂ ಕಳೆದುಕೊಂಡರು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಎಳೆಯ ವಯಸ್ಸಿನಲ್ಲಿ ತಂದೆ, ತಾರುಣ್ಯದಲ್ಲಿ ಮುಮ್ಮಡಿ ಮಹಾರಾಜರು, ನಡುವಯಸ್ಸಿನಲ್ಲಿ ಚಾಮರಾಜರು - ಹೀಗೆ ಆಸರೆಗಳು ಒಂದೊಂದಾಗಿ ಕಳಚಿಹೋದುವು. ಕಳಚದೆ ಉಳಿದುದು ವೀಣೆ ಮತ್ತು ಸಾಧನೆ.

ರಾಜಮಾತೆ ವಾಣೀವಿಲಾಸ ಸನ್ನಿಧಾನದವರು ಮಗನ ಪರವಾಗಿ ರಾಜ್ಯವನ್ನು ನಡೆಸಿದರು. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರವನ್ನು ವಹಿಸಿಕೊಂಡರು. ತಂದೆಯ ಸಂಗೀತಪ್ರೇಮ ಮಗನಲ್ಲಿ ಇಮ್ಮಡಿಯಾಗಿತ್ತು. ನಾಲ್ವಡಿಯವರೂ ದೇಶೀಯ ಮತ್ತು ಪಾಶ್ಚಾತ್ಯ ವಾದ್ಯಗಳಲ್ಲಿ ಹಲವನ್ನು ಬಲ್ಲವರು. ಅವರು ಅದೇ ವರ್ಷ ಶೇಷಣ್ಣನವರಿಗೆ ವೈಣಿಕ ಶಿಖಾಮಣಿ ಎಂಬ ಬಿರುದನ್ನಿತ್ತು ಗೌರವಿಸಿದರು. ಆಗ ಶೇಷಣ್ಣನವರಿಗೆ ಐವತ್ತು ವರ್ಷ. 1911ರ ದೆಹಲಿಯ ದರ್ಬಾರಿನ ಕಾಲದಲ್ಲಿ ಐದನೆಯ ಜಾರ್ಜ್ ದೊರೆ ಅವರ ವೀಣೆಯನ್ನು ಕೇಳಿ ಮೆಚ್ಚಿ, ಅವರ ಭಾವಚಿತ್ರವನ್ನು ಇಂಗ್ಲೆಂಡಿಗೆ ಒಯ್ದರೆಂದೂ ಹೇಳುತ್ತಾರೆ.

ಶೇಷಣ್ಣನವರು ಬರಿಯ ವಾದಕರಲ್ಲ, ವಾಗ್ಗೇಯಕಾರರೂ ಹೌದು. ಸ್ವರಜತಿ, ವರ್ಣ, ಕೃತಿ, ಪದ, ಜಾವಳಿ, ರಾಗಮಾಲಿಕೆ, ತಿಲ್ಲಾನ - ಹೀಗೆ ನಾನಾ ಬಗೆಯ ರಚನೆಗಳನ್ನು ಅವರು ಮಾಡಿದ್ದಾರೆ. ಅಂದಿನ ದಕ್ಷಿಣದ ಸಂಗೀತಗಾರರ ವಾಡಿಕೆಯಂತೆ ಅವರ ಸಾಹಿತ್ಯದಲ್ಲಿ ಬಹುಭಾಗ ತೆಲುಗಿನಲ್ಲಿದೆ. ಝಂಝೂಟಿ ರಾಗದಲ್ಲಿ ಅವರು ರಚಿಸಿದ ತಿಲ್ಲಾನ ಇಂದಿಗೂ ಕಚೇರಿಗಳಲ್ಲಿ ಕೇಳಿಬರುತ್ತದೆ. ಝಂಝೂಟಿ ಉತ್ತರದ ಸಂಗೀತದಲ್ಲಿ ಬಹಳ ಪ್ರಿಯವಾದ ರಾಗ. ತಿಲ್ಲಾನವೂ ಹಿಂದೂಸ್ತಾನಿ ತರಾನಕ್ಕೆ ಹತ್ತಿರದ ನೆಂಟ. ಅರಮನೆಯಲ್ಲಿ ಉತ್ತರದ ವಿದ್ವಾಂಸರನ್ನು ಕೇಳಿದ ಕಿವಿ ಈ ರಚನೆಯ ಹಿಂದೆ ಇದೆಯೆಂದು ತಿಳಿದರೆ ತಪ್ಪಾಗದು. ದಕ್ಷಿಣದ ವೀಣೆಯಲ್ಲಿ ಉತ್ತರದ ಸೊಗಸು ಹೀಗೆ ಮನೆಮಾಡಿತು.

ವಿದ್ಯೆಯನ್ನು ಗಳಿಸುವುದು ಒಂದು, ಹಂಚುವುದು ಮತ್ತೊಂದು. ತಂದೆಯ ಸಾವಿನಿಂದ ತಮ್ಮ ವಿದ್ಯೆಯೇ ಅಳಿಯಬಹುದಾಗಿದ್ದ ದಿನವನ್ನು ಕಂಡಿದ್ದ ಶೇಷಣ್ಣನವರು ಹಂಚುವುದರಲ್ಲಿ ಹಿಂದೆಗೆಯಲಿಲ್ಲ. ವೆಂಕಟಗಿರಿಯಪ್ಪ, ಭೈರವಿ ಲಕ್ಷ್ಮೀನಾರಣಪ್ಪ ಮೊದಲಾದವರು ಅವರಲ್ಲಿ ಕಲಿತು ಪ್ರಸಿದ್ಧರಾದರು. ಅವರ ಶಿಷ್ಯರಲ್ಲಿ ಒಬ್ಬರು ಸಂಗೀತದ ಮನೆತನದವರೇ ಅಲ್ಲ. ಅವರು ಚಿತ್ರಶಿಲ್ಪಿ ಕೆ. ವೆಂಕಟಪ್ಪನವರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಚಿತ್ರಕಲೆಯನ್ನು ಕಲಿತು ಹೆಸರು ಪಡೆದಿದ್ದ ವೆಂಕಟಪ್ಪನವರು ಮೈಸೂರಿಗೆ ಬಂದ ಮೇಲೆ ವೀಣೆಗೆ ಮನಸೋತರು. ಶೇಷಣ್ಣನವರ ಶಿಷ್ಯರಾಗಿ, ಕುಂಚವನ್ನೂ ಮರೆಯುವಷ್ಟು ನಿಷ್ಠೆಯಿಂದ ಸಾಧನೆ ಮಾಡಿದರು. ವೀಣೆಯ ಹುಚ್ಚನ್ನೇ ವಿಷಯವನ್ನಾಗಿ ಮಾಡಿಕೊಂಡು ಅವರು ಒಂದು ಚಿತ್ರವನ್ನೂ ರಚಿಸಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಚಿತ್ರಶಾಲೆಯಿದೆ. ಒಬ್ಬ ಕಲಾವಿದನ ನಾದ ಮತ್ತೊಬ್ಬ ಕಲಾವಿದನ ಬದುಕಿನ ದಿಕ್ಕನ್ನೇ ಬದಲಿಸಿತು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಶೇಷಣ್ಣನವರ ಬಾಳಿನ ಸಂಜೆಯಲ್ಲಿ ಒಂದು ಮಹತ್ತ್ವದ ಘಟನೆ ನಡೆಯಿತು. ಅಂದು ಕನ್ನಡ ನಾಡು ಒಂದಾಗಿರಲಿಲ್ಲ. ಮೈಸೂರು ಒಡೆಯರ ಸಂಸ್ಥಾನ. ಬೆಳಗಾವಿ, ಧಾರವಾಡ, ವಿಜಾಪುರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಬೀದರ, ಕಲಬುರ್ಗಿ, ರಾಯಚೂರುಗಳು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದುವು. ಹೀಗೆ ಹರಿದು ಹಂಚಿಹೋಗಿದ್ದ ನಾಡಿನ ಬೆಳಗಾವಿಯಲ್ಲಿ 1924ರ ಡಿಸೆಂಬರಿನಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಮಹಾತ್ಮ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಇದೊಂದೇ. ನಾಡಿನ ಹಳೆಯ ವೈಭವವನ್ನು ನೆನೆದು ಅಧಿವೇಶನದ ನಗರಕ್ಕೆ ವಿಜಯನಗರವೆಂಬ ಹೆಸರನ್ನಿಟ್ಟಿದ್ದರು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಅಲ್ಲಿ ಮೊಳಗಿತು. ಸ್ವಾಗತಗೀತೆಯನ್ನು ಹಾಡಿದವರ ನಡುವೆ ಧಾರವಾಡದ ಒಬ್ಬ ಪುಟ್ಟ ಹುಡುಗಿಯಿದ್ದಳು. ಮುಂದೆ ಗಂಗೂಬಾಯಿ ಹಾನಗಲ್ ಎಂದು ಭಾರತವೆಲ್ಲ ಕೊಂಡಾಡಿದ ಗಾಯಕಿ ಆಕೆಯೇ.

ಆ ಅಧಿವೇಶನಕ್ಕೆ ಮೈಸೂರಿನಿಂದ ಶೇಷಣ್ಣನವರು ಬಂದರು. ಅವರಿಗೆ ಆಗ ಎಪ್ಪತ್ತೆರಡು ವರ್ಷ. ಎದುರಿನಲ್ಲಿ ಗಾಂಧೀಜಿಯವರೂ ದೇಶದ ನಾನಾ ಭಾಗಗಳ ನಾಯಕರೂ ಇದ್ದರು. ಅರಮನೆಯ ದರ್ಬಾರಿನಲ್ಲಿ ಆರಂಭವಾದ ಜೀವನ ಈಗ ಜನತೆಯ ದರ್ಬಾರಿಗೆ ಬಂದು ತಲುಪಿತ್ತು. ಬಾಲ್ಯದಲ್ಲಿ ರತ್ನಾಭರಣಗಳನ್ನು ಧರಿಸಿದ ಮಹಾರಾಜರ ಮುಂದೆ ಕುಳಿತಿದ್ದ ಕಲಾವಿದ ಮುಪ್ಪಿನಲ್ಲಿ ಖಾದಿಯ ತುಂಡುಬಟ್ಟೆಯ ಮಹಾತ್ಮರ ಮುಂದೆ ಕುಳಿತಿದ್ದನು. ಶ್ರೋತೃಗಳು ಬದಲಾಗಿದ್ದರು, ಕಾಲ ಬದಲಾಗಿತ್ತು, ವೀಣೆ ಬದಲಾಗಿರಲಿಲ್ಲ. ಭಾಷೆ ಬೇರೆ ಬೇರೆಯಾದ ಆ ಸಭೆಗೆ ವೀಣೆಯ ಭಾಷೆ ಅನುವಾದವಿಲ್ಲದೆ ತಿಳಿಯಿತು. ಎಪ್ಪತ್ತೆರಡರ ವೃದ್ಧ ವೈಣಿಕರೂ ಹನ್ನೊಂದರ ಎಳೆಯ ಗಾಯಕಿಯೂ ಪಾಲ್ಗೊಂಡ ಆ ಅಧಿವೇಶನದಲ್ಲಿ, ದಕ್ಷಿಣ ಕನ್ನಡಿಗರ ಕರ್ಣಾಟಕ ಸಂಗೀತವೂ ಉತ್ತರ ಕನ್ನಡಿಗರ ಹಿಂದೂಸ್ತಾನಿ ಸಂಗೀತವೂ ನಾಡಿನ ಏಕೀಕರಣಕ್ಕಿಂತ ಮೂವತ್ತೆರಡು ವರ್ಷ ಮೊದಲೇ ಕೈಹಿಡಿದುಕೊಂಡಂತಿತ್ತು.

ಇದಾದ ಎರಡು ವರ್ಷಕ್ಕೆ, 1926ರಲ್ಲಿ, ಶೇಷಣ್ಣನವರು ಇಹಲೋಕವನ್ನು ತ್ಯಜಿಸಿದರು. ಆಸ್ಥಾನದಲ್ಲಿ ಅವರ ಕಿರಿಯ ಒಡನಾಡಿಗಳಾಗಿದ್ದ ಮೈಸೂರು ವಾಸುದೇವಾಚಾರ್ಯರು ತಾವು ಕಂಡ ಕಲಾವಿದರ ನೆನಪುಗಳನ್ನು ಬರೆದಾಗ ಶೇಷಣ್ಣನವರ ಚಿತ್ರವನ್ನು ಪ್ರೀತಿಯಿಂದ ಕಡೆದಿಟ್ಟರು.

ಅವರು ಕಲಿತ ವಾದ್ಯಗಳ ಗತಿಯೇನಾಯಿತು? ಸ್ವರಬತ್ ಇಂದು ಬಹುಮಟ್ಟಿಗೆ ವಸ್ತುಸಂಗ್ರಹಾಲಯವನ್ನು ಸೇರಿದ ವಾದ್ಯ. ಜಲತರಂಗವನ್ನು ನುಡಿಸುವವರೂ ಕೆಲವೇ ಜನ. ಕಲಿಸುವ ಗುರು, ಕಲಿಯುವ ಶಿಷ್ಯ - ಈ ಕೊಂಡಿ ಒಂದು ತಲೆಮಾರಿನಲ್ಲಿ ಕಳಚಿದರೆ ಸಾಕು, ಚಿನ್ನದ ಕೆತ್ತನೆಯ ವಾದ್ಯವೂ ಮೂಕವಾಗುತ್ತದೆ. ವೀಣೆಗೆ ಆ ಗತಿ ಬರಲಿಲ್ಲ. ಶೇಷಣ್ಣನವರಿಂದ ಕಲಿತ ವೆಂಕಟಗಿರಿಯಪ್ಪನವರು ದೊರೆಸ್ವಾಮಿ ಅಯ್ಯಂಗಾರ್ಯರಿಗೆ ಕಲಿಸಿದರು. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಆಕಾಶವಾಣಿಯ ಮೂಲಕ ನಾಡಿನ ಮನೆಮನೆಯನ್ನು ತಲುಪಿತು. ಸಂಸ್ಥಾನ ಹೋಯಿತು, ಆಸ್ಥಾನ ಹೋಯಿತು. ಆದರೆ ನಾದ ಉಳಿಯಿತು. ಅರಮನೆಯ ಗೋಡೆಗಳು ಕಾಪಾಡಲಾರದುದನ್ನು ಶಿಷ್ಯರ ಬೆರಳುಗಳು ಕಾಪಾಡಿದುವು.

ಶೇಷಣ್ಣನವರ ಜೀವನ ನಮಗೆ ತಿಳಿಸುವುದು ಇದನ್ನೇ. ಹಲವು ದಿಕ್ಕುಗಳಿಂದ ಬರುವ ವಿದ್ಯೆಗೆ ಮನಸ್ಸಿನ ಬಾಗಿಲನ್ನು ತೆರೆದಿಡಬೇಕು. ಆದರೆ ಬಂದುದೆಲ್ಲವೂ ನೆಲೆಗೊಳ್ಳಲು ಒಂದು ಪೀಠ ಬೇಕು. ಗಳಿಸಿದ ವಿದ್ಯೆಯನ್ನು ಬಚ್ಚಿಡದೆ ಮುಂದಿನವರಿಗೆ ಕೊಡಬೇಕು. ಮುಂದೆ ಎಂದಾದರೂ ವೀಣೆಯ ನಾದ ನಿಮ್ಮ ಕಿವಿಗೆ ಬಿದ್ದಾಗ ಒಂದು ಕ್ಷಣ ಗಮನವಿಟ್ಟು ಕೇಳಿ. ಮೀಟಿದ ತಂತಿಯ ಸ್ವರ ಕ್ಷೀಣಿಸುವ ಮೊದಲು ಅದನ್ನು ಮುಂದಿನ ಸ್ವರ ಬಂದು ಕೈಹಿಡಿಯುತ್ತದೆ. ವಿದ್ಯೆಯ ಪರಂಪರೆಯೂ ಹಾಗೆಯೇ.